ಗಾಯದ ಹಕ್ಕಿಗೆ ಅರಿವಳಿಕೆ: ಯಾವ ಔಷಧ, ಯಾಕೆ, ಅದಕ್ಕೂ ಮೊದಲು ನಮ್ಮ ಕೆಲಸ ಏನು?

ಈ ವಾರ ಗೊಬ್ಬರ, ಕೀಟ, ರೋಗ ಯಾವುದರ ಬಗ್ಗೆಯೂ ಅಲ್ಲ. ಬಲೆಗೋ ಗಾಳಿಪಟದ ದಾರಕ್ಕೋ ಸಿಕ್ಕಿ ಗಾಯಗೊಂಡ ಹಕ್ಕಿಯನ್ನು ಪಶುವೈದ್ಯರ ಹತ್ತಿರ ಒಯ್ದಾಗ ಅವರು ಕೊಡುವ ಅರಿವಳಿಕೆ ಔಷಧಗಳ ಬಗ್ಗೆ. ಕೃಷಿ ಸಲಹೆಯ ಜಾಗದಲ್ಲಿ ಇದೆಂಥದ್ದು ಅಂತ ಅನ್ನಿಸಬಹುದು. ಆದರೆ ನವಿಲು, ಗೂಬೆ, ಹದ್ದು, ಬೆಳ್ಳಕ್ಕಿ ಇವೆಲ್ಲ ಇರೋದು ನಮ್ಮ ಹೊಲ-ತೋಟದಲ್ಲೇ. ಸಿಕ್ಕಿಬೀಳೋದೂ ನಮ್ಮ ಬಲೆ, ಬೇಲಿಗಳಿಗೇ. ಅವನ್ನು ಮೊದಲು ಕೈಗೆತ್ತಿಕೊಳ್ಳುವವರು ವೈದ್ಯರಲ್ಲ, ನಾವು.

ನನಗೆ ಇದರ ಬಗ್ಗೆ ಓದಲೇಬೇಕು ಅನ್ನಿಸಿದ್ದು ಒಂದು ಹಕ್ಕಿ ಸತ್ತ ಮೇಲೆ. ಮೂರು ವರ್ಷದ ಹಿಂದೆ ಮೈಸೂರಿನ ಹೊರವಲಯದ ನಮ್ಮ ತೋಟದಲ್ಲಿ ಬೀನ್ಸ್ ಮತ್ತು ಟೊಮ್ಯಾಟೊ ಮಡಿಗಳ ಸುತ್ತ ನವಿಲು ಬರದ ಹಾಗೆ ತೆಳು ನೈಲಾನ್ ಬಲೆ ಕಟ್ಟಿದ್ದೆವು. ಒಂದು ಬೆಳಿಗ್ಗೆ ಕೆಲಸಕ್ಕೆ ಬರುವವರು ಓಡಿ ಬಂದು, "ಅಕ್ಕಾ, ಬಲೇಲಿ ಹೆಣ್ಣು ನವಿಲು ಒದ್ದಾಡ್ತಾ ಅದೆ" ಅಂದರು. ಬಲೆಯ ಎಳೆ ತೊಡೆಯ ಮಾಂಸದೊಳಗೆ ಇಳಿದಿತ್ತು. ಬಿಡಿಸಿ ತಂದು ಜಗುಲಿಯಲ್ಲಿ ಕೂರಿಸಿದೆವು. ಅಕ್ಕಪಕ್ಕದ ಮಕ್ಕಳೆಲ್ಲ ನೋಡೋಕೆ ಬಂದರು. ಪಾಪ ಬಾಯಾರಿರುತ್ತೆ ಅಂತ ನಾನೇ ಬಾಟಲಿ ಮುಚ್ಚಳದಲ್ಲಿ ನೀರು ಕುಡಿಸಿದೆ. ನೆನೆಸಿದ ಅಕ್ಕಿ ತಿನ್ನಿಸಿದೆ. ಅವರಿವರಿಗೆ ಫೋನು ಮಾಡಿ, ಗಾಡಿ ಹೊಂದಿಸಿ ವೈದ್ಯರ ಬಳಿ ತಲುಪುವ ಹೊತ್ತಿಗೆ ನಾಲ್ಕು ಗಂಟೆ ಕಳೆದಿತ್ತು.

ಗಾಯಕ್ಕೆ ಹೊಲಿಗೆ ಹಾಕಬೇಕಿತ್ತು. ವೈದ್ಯರು ಎದೆಯ ಮಾಂಸಕ್ಕೆ ಇಂಜೆಕ್ಷನ್ ಕೊಟ್ಟರು. ಹತ್ತು ನಿಮಿಷವಾಗಿರಬಹುದು, ಹಕ್ಕಿಯ ಬಾಯಿಂದ ನೀರು, ಅಕ್ಕಿ ಹೊರಬಂತು. ಉಸಿರು ನಿಂತಿತು. ಅವರು ಎಷ್ಟು ಪ್ರಯತ್ನಪಟ್ಟರೂ ಮತ್ತೆ ಬರಲಿಲ್ಲ.

"ಇಂಜೆಕ್ಷನ್ ಜಾಸ್ತಿ ಆಯ್ತಾ ಸಾರ್?" ಅಂತ ಕೇಳಿದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಬಾಯಿಗೆ ಏನಾದ್ರೂ ಹಾಕಿದ್ರೇನಮ್ಮಾ?" ಅಂತ ತಿರುಗಿ ಕೇಳಿದರು. ಅವರು ಬರುವ ಮೊದಲೇ ಕೇಳಬಹುದಿತ್ತು, ನಾನು ಮೊದಲೇ ಹೇಳಬಹುದಿತ್ತು. ತಪ್ಪು ನನ್ನದೇ ಅನ್ನೋದು ಅವತ್ತು ಅರ್ಥವಾಯಿತು.

ನಾನು ಪಶುವೈದ್ಯೆ ಅಲ್ಲ, ತೋಟಗಾರಿಕೆ ಓದಿದವಳು. ಕೆಳಗಿನ ವಿಷಯಗಳು ಆಮೇಲೆ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದು. ಯಾವ ಔಷಧಕ್ಕೂ ಇಲ್ಲಿ ಪ್ರಮಾಣ ಬರೆದಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಇದು ನಾವು ಕೈಹಾಕುವ ಕೆಲಸವಲ್ಲ.

ಹಕ್ಕಿಯ ದೇಹ ಹಸುವಿನ ದೇಹದ ಹಾಗಲ್ಲ

ಔಷಧಗಳ ವ್ಯತ್ಯಾಸ ತಿಳಿಯಬೇಕಾದರೆ ಮೊದಲು ಹಕ್ಕಿ ಹೇಗೆ ಉಸಿರಾಡುತ್ತೆ ಅಂತ ತಿಳಿಯಬೇಕು.

ನಮಗೆ ಎದೆ ಮತ್ತು ಹೊಟ್ಟೆಯ ನಡುವೆ ವಪೆ ಅನ್ನುವ ಸ್ನಾಯುವಿದೆ, ಅದು ಏರಿಳಿದರೆ ಉಸಿರು. ಹಕ್ಕಿಗೆ ಅದಿಲ್ಲ. ಅದರ ಶ್ವಾಸಕೋಶ ಚಿಕ್ಕದು, ಹೆಚ್ಚು ಹಿಗ್ಗೋದೂ ಇಲ್ಲ. ಅದಕ್ಕೆ ಹೊಂದಿಕೊಂಡು ಮೈಯೊಳಗೆ ಗಾಳಿಚೀಲಗಳಿವೆ. ಎದೆಮೂಳೆ ಮುಂದಕ್ಕೆ, ಹಿಂದಕ್ಕೆ ಆಡಿದಾಗ ಈ ಚೀಲಗಳು ತಿದಿಯ ಹಾಗೆ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಶ್ವಾಸಕೋಶದ ಮೂಲಕ ತಳ್ಳುತ್ತವೆ. ಇದರಿಂದ ಮೂರು ಸಂಗತಿ ಹೊರಡುತ್ತವೆ.

ಒಂದು, ಎದೆಯನ್ನು ಬಿಗಿಯಾಗಿ ಹಿಡಿದರೆ ಮೂಗು, ಬಾಯಿ ತೆರೆದಿದ್ದರೂ ಹಕ್ಕಿಗೆ ಉಸಿರು ಕಟ್ಟುತ್ತೆ. ಎರಡು, ಅಂಗಾತ ಮಲಗಿಸಿದರೆ ಹೊಟ್ಟೆಯ ಭಾರ ಗಾಳಿಚೀಲಗಳ ಮೇಲೆ ಬಿದ್ದು ಉಸಿರಾಟ ಕುಗ್ಗುತ್ತೆ. ಮೂರು, ಈ ವ್ಯವಸ್ಥೆ ಗಾಳಿಯಿಂದ ಆಮ್ಲಜನಕ ಹೀರುವುದರಲ್ಲಿ ನಮ್ಮದಕ್ಕಿಂತ ಚುರುಕು. ಆದ್ದರಿಂದ ಅನಿಲ ರೂಪದ ಅರಿವಳಿಕೆಯನ್ನೂ ಅಷ್ಟೇ ಚುರುಕಾಗಿ ಹೀರುತ್ತೆ. ಒಳ್ಳೆಯದು ಏನೆಂದರೆ ಬೇಗ ಪ್ರಜ್ಞೆ ತಪ್ಪುತ್ತೆ, ಬೇಗ ಎಚ್ಚರವಾಗುತ್ತೆ. ಕೆಟ್ಟದ್ದು ಏನೆಂದರೆ ಒಂದು ನಿಮಿಷ ಕಣ್ಣು ತಪ್ಪಿದರೂ ಅರಿವಳಿಕೆ ಆಳಕ್ಕೆ ಹೋಗಿಬಿಡುತ್ತೆ.

ಇನ್ನು ಮೈಶಾಖ. ಹಕ್ಕಿಗಳ ಮೈ ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಸೆಲ್ಸಿಯಸ್ ಇರುತ್ತೆ. ಅರಿವಳಿಕೆಯಲ್ಲಿ ಅದು ಬೇಗ ಇಳಿಯುತ್ತೆ, ಪುಟ್ಟ ಹಕ್ಕಿಯಲ್ಲಂತೂ ಬಹಳ ಬೇಗ. ಮೈ ತಣ್ಣಗಾದರೆ ಔಷಧ ಕರಗಿ ಹೊರಹೋಗೋದು ನಿಧಾನವಾಗುತ್ತೆ.

ರಕ್ತ ದೇಹದ ತೂಕದ ಸುಮಾರು ಹತ್ತನೇ ಒಂದು ಪಾಲು. 100 ಗ್ರಾಂ ತೂಗುವ ಹಕ್ಕಿಯಲ್ಲಿ ಇರೋದೇ ಸುಮಾರು 10 ಮಿಲಿ. ಎರಡು ಚಮಚ ರಕ್ತ ಅಂದುಕೊಳ್ಳಿ. ನಮ್ಮ ಕಣ್ಣಿಗೆ ನಾಲ್ಕು ಹನಿ ಅನ್ನಿಸಿದ್ದು ಅದಕ್ಕೆ ದೊಡ್ಡ ನಷ್ಟ.

ಇಂಜೆಕ್ಷನ್ನೋ, ಅನಿಲವೋ?

ಅರಿವಳಿಕೆಯಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು ಚುಚ್ಚುಮದ್ದು, ಇನ್ನೊಂದು ಮೂತಿಗೆ ಮುಖವಾಡ ಇಟ್ಟು ಆಮ್ಲಜನಕದ ಜೊತೆ ಕೊಡುವ ಅನಿಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಚುಚ್ಚುಮದ್ದು ಮಣ್ಣಿಗೆ ಹಾಕಿದ ಗೊಬ್ಬರದ ಹಾಗೆ. ಜಾಸ್ತಿಯಾಯ್ತು ಅಂತ ಬಾಚಿ ತೆಗೆಯೋಕಾಗಲ್ಲ. ಅನಿಲ ಡ್ರಿಪ್ಪಿನ ಗೇಟ್‌ವಾಲ್ವ್ ಹಾಗೆ. ಜಾಸ್ತಿ ಅನ್ನಿಸಿದರೆ ತಿರುಗಿಸಿ ಕಮ್ಮಿ ಮಾಡಬಹುದು, ಬೇಡವಾದರೆ ನಿಲ್ಲಿಸಬಹುದು. ಆದರೆ ಡ್ರಿಪ್ಪಿಗೆ ಪೈಪು, ಫಿಲ್ಟರು, ಪಂಪು ಬೇಕಲ್ಲ, ಹಾಗೇ ಅನಿಲಕ್ಕೆ ಯಂತ್ರ, ಆಮ್ಲಜನಕದ ಸಿಲಿಂಡರ್, ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಹಳ್ಳಿಯ ಪಶು ಚಿಕಿತ್ಸಾಲಯದಲ್ಲಿ ಅದನ್ನು ನಿರೀಕ್ಷಿಸುವುದು ಕಷ್ಟ. ಅಲ್ಲಿನ ವೈದ್ಯರ ಕೈಯಲ್ಲಿ ಇರೋದು ಸಿರಿಂಜು.

ಈಗ ಒಂದೊಂದಾಗಿ ನೋಡೋಣ.

ಕೆಟಮಿನ್: 1962ರಲ್ಲಿ ಅಮೆರಿಕದಲ್ಲಿ ಮೊದಲು ತಯಾರಾದ ಔಷಧ. ಮನುಷ್ಯರಿಗೂ ಕೊಡುತ್ತಾರೆ. ಹಕ್ಕಿಗೆ ಎದೆಯ ಮಾಂಸಖಂಡಕ್ಕೆ ಚುಚ್ಚುತ್ತಾರೆ. ತೊಡೆಗೆ ಕೊಡುವುದನ್ನು ತಪ್ಪಿಸುತ್ತಾರೆ, ಯಾಕೆಂದರೆ ಹಕ್ಕಿಯ ಹಿಂಭಾಗದ ರಕ್ತ ಮೂತ್ರಪಿಂಡದ ಮೂಲಕ ಹಾದು ಹೋಗಬಹುದು, ಔಷಧ ಮೈಗೆ ಹರಡುವ ಮೊದಲೇ ಅಲ್ಲಿ ಸೋರಿಹೋಗಬಹುದು. ಕೆಟಮಿನ್‌ನ ಗುಣ ಏನೆಂದರೆ ಯಂತ್ರ ಬೇಡ, ಕೆಲವೇ ನಿಮಿಷದಲ್ಲಿ ಕೆಲಸ ಮಾಡುತ್ತೆ, ಹೃದಯವನ್ನು ಒಮ್ಮೆಲೇ ಕುಗ್ಗಿಸುವುದಿಲ್ಲ. ದೋಷ ಏನೆಂದರೆ ಒಂದೇ ಕೊಟ್ಟರೆ ಸ್ನಾಯು ಸಡಿಲವಾಗೋದಿಲ್ಲ, ಕಾಲು-ರೆಕ್ಕೆ ಬಿಗಿಯಾಗಿರುತ್ತೆ. ಎಚ್ಚರವಾಗುವಾಗ ಹಕ್ಕಿ ಹುಚ್ಚೆದ್ದ ಹಾಗೆ ರೆಕ್ಕೆ ಬಡಿಯುತ್ತೆ. ಆಗತಾನೆ ಕೂರಿಸಿದ ಮೂಳೆ ಮತ್ತೆ ಮುರಿಯೋಕೆ ಅಷ್ಟು ಸಾಕು. ಅದಕ್ಕೇ ಇದನ್ನು ಇನ್ನೊಂದು ಔಷಧದ ಜೊತೆ ಸೇರಿಸಿ ಕೊಡೋದು. ಇನ್ನೊಂದು ಮಾತು: ದುರುಪಯೋಗ ಹೆಚ್ಚಾಗಿ ಭಾರತದಲ್ಲಿ 2013ರಲ್ಲಿ ಕೆಟಮಿನ್ ಅನ್ನು ಬಿಗಿ ನಿಯಂತ್ರಣದ ಎಕ್ಸ್ ಶೆಡ್ಯೂಲಿಗೆ ಸೇರಿಸಿದರು. ಅಂಗಡಿಯಲ್ಲಿ ಸುಮ್ಮನೆ ಕೇಳಿದರೆ ಕೊಡುವ ಔಷಧ ಅಲ್ಲ. ವೈದ್ಯರು ಲೆಕ್ಕ ಇಡಬೇಕು. "ನಮ್ಮ ಡಾಕ್ಟ್ರ ಹತ್ರ ಇಲ್ಲ ಅಂದ್ರು" ಅಂತ ಬೈಯುವ ಮೊದಲು ಇದು ನೆನಪಿರಲಿ.

ಕೆಟಮಿನ್ ಜೊತೆ ಕ್ಸೈಲಜಿನ್: ಕ್ಸೈಲಜಿನ್ ಹಸು ಸಾಕಿದವರಿಗೆ ಗೊತ್ತಿರುವ ಬಾಟಲಿ, ಹೆಸರು ಗೊತ್ತಿಲ್ಲದಿರಬಹುದು ಅಷ್ಟೆ. ಕೊಂಬು ತೆಗೆಯುವಾಗ, ಗಾಯ ಹೊಲಿಯುವಾಗ ಹಸುವನ್ನು ಮಂಪರಿಗೆ ತರೋದು ಇದರಿಂದಲೇ. ಒಂದು ವಿಶೇಷ ನೋಡಿ. ಕುದುರೆಗೆ ಬೇಕಾಗುವುದರ ಹತ್ತನೇ ಒಂದು ಪಾಲು ಹಸುವಿಗೆ ಸಾಕು. ಒಂದೇ ಔಷಧ, ಪ್ರಾಣಿ ಬದಲಾದರೆ ಲೆಕ್ಕವೇ ಬೇರೆ. ಹಕ್ಕಿಗಳಲ್ಲೂ ಜಾತಿಯಿಂದ ಜಾತಿಗೆ ಹೀಗೇ ಬದಲಾಗುತ್ತೆ. ಸಾಮಾನ್ಯವಾಗಿ ಹಕ್ಕಿ ಚಿಕ್ಕದಾದಷ್ಟೂ ಕಿಲೋ ಲೆಕ್ಕದಲ್ಲಿ ಕೆಟಮಿನ್ ಹೆಚ್ಚು ಬೇಕಾಗುತ್ತೆ. ಕ್ಸೈಲಜಿನ್ ಸೇರಿದರೆ ಸ್ನಾಯು ಸಡಿಲವಾಗುತ್ತೆ, ನೋವೂ ಕಡಿಮೆಯಾಗುತ್ತೆ. ಆದರೆ ಹೃದಯ ಬಡಿತ, ಉಸಿರು ಎರಡನ್ನೂ ನಿಧಾನ ಮಾಡುತ್ತೆ. ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರಬಹುದು. ರಕ್ತ ಹೋಗಿ ಬಳಲಿದ ಹಕ್ಕಿಗೆ ಇದು ಭಾರ. ಒಳ್ಳೆಯ ಅಂಶ ಅಂದರೆ ಯೋಹಿಂಬಿನ್ ಎಂಬ ಮರುಮದ್ದು ಕೊಟ್ಟು ಕ್ಸೈಲಜಿನ್ ಪರಿಣಾಮವನ್ನು ತೆಗೆಯಬಹುದು. ಅದರಲ್ಲೂ ಆತುರ ಸಲ್ಲ. ಕ್ಸೈಲಜಿನ್ ಹೋಗಿ ಕೆಟಮಿನ್ ಮಾತ್ರ ಉಳಿದರೆ ಅದೇ ರೆಕ್ಕೆ ಬಡಿತ ಶುರುವಾಗುತ್ತೆ.

ಕೆಟಮಿನ್ ಜೊತೆ ಮಿಡಜೋಲಾಮ್ ಅಥವಾ ಡಯಾಜೆಪಾಮ್: ಇವು ಸ್ನಾಯು ಸಡಿಲಿಸಿ, ಭಯ ತಗ್ಗಿಸಿ, ಎಚ್ಚರವಾಗೋದನ್ನು ಸಮಾಧಾನವಾಗಿಸುತ್ತವೆ. ಹೃದಯದ ಮೇಲೆ ಕ್ಸೈಲಜಿನ್‌ನಷ್ಟು ಒತ್ತಡ ಹಾಕುವುದಿಲ್ಲ. ಆದರೆ ಇವಕ್ಕೆ ನೋವು ತಗ್ಗಿಸುವ ಶಕ್ತಿ ಇಲ್ಲ, ಅದಕ್ಕೆ ಬೇರೆ ಮದ್ದು ಬೇಕು. ಡಯಾಜೆಪಾಮ್ ಮಾಂಸಕ್ಕೆ ಚುಚ್ಚಿದರೆ ಉರಿಯುತ್ತೆ. ಮಿಡಜೋಲಾಮ್ ನೀರಿನಲ್ಲಿ ಕರಗುವಂಥದ್ದು, ಆ ತೊಂದರೆ ಕಡಿಮೆ. ಮಿಡಜೋಲಾಮನ್ನು ಮೂಗಿಗೆ ಹನಿಯಾಗಿ ಹಾಕಿ ಮಂಪರು ತರಿಸುವ ಪದ್ಧತಿಯೂ ಇದೆ. ಎಕ್ಸ್-ರೇ ತೆಗೆಯೋಕೆ, ಸುತ್ತಿಕೊಂಡ ದಾರ ಬಿಡಿಸೋಕೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತೆ, ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯವೇ ಬರೋದಿಲ್ಲ. ಇದಕ್ಕೂ ಫ್ಲುಮಜೆನಿಲ್ ಎಂಬ ಮರುಮದ್ದು ಇದೆ.

ಟಿಲೆಟಮಿನ್-ಝೋಲಜೆಪಾಮ್: ಕೆಟಮಿನ್ ಜಾತಿಯ ಒಂದು, ಡಯಾಜೆಪಾಮ್ ಜಾತಿಯ ಒಂದು, ಎರಡೂ ಒಂದೇ ಶೀಶೆಯಲ್ಲಿ ಪುಡಿಯಾಗಿ ಬರುತ್ತೆ. ಸ್ವಲ್ಪ ದ್ರವದಲ್ಲೇ ಹೆಚ್ಚು ಶಕ್ತಿ ಇರುವುದರಿಂದ ದೂರದಿಂದ ಡಾರ್ಟ್ ಹೊಡೆದು ದೊಡ್ಡ ಪ್ರಾಣಿ ಹಿಡಿಯುವಾಗ ಅನುಕೂಲ. ಎಮು, ಉಷ್ಟ್ರಪಕ್ಷಿಯಂಥ ಭಾರಿ ಹಕ್ಕಿಗಳಲ್ಲಿ ಬಳಕೆ ಇದೆ. ಎಚ್ಚರವಾಗೋದು ನಿಧಾನ. ನಮ್ಮ ತೋಟದಲ್ಲಿ ಸಿಗುವ ಹಕ್ಕಿಗಳಿಗೆ ಮೊದಲ ಆಯ್ಕೆ ಅಲ್ಲ.

ಪ್ರೊಪೊಫಾಲ್: ಹಾಲಿನ ಬಣ್ಣದ ಮದ್ದು, ನೇರ ರಕ್ತನಾಳಕ್ಕೇ ಹೋಗಬೇಕು. ರೆಕ್ಕೆಯ ಒಳಬದಿಯ ಇಲ್ಲವೇ ಕಾಲಿನ ನಾಳಕ್ಕೆ ಕೊಡುತ್ತಾರೆ. ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತೆ, ಅದರ ಜೊತೆ ಉಸಿರೂ ನಿಲ್ಲಬಹುದು. ಶ್ವಾಸನಾಳಕ್ಕೆ ಕೊಳವೆ ಹಾಕಿ ಉಸಿರು ಕೊಡುವ ತಯಾರಿ ಇಲ್ಲದೆ ಮುಟ್ಟಬಾರದ ಔಷಧ. ಬೇಟೆ ಹಕ್ಕಿಗಳು ಇದರಿಂದ ಎಚ್ಚರವಾಗುವಾಗ ಬಹಳ ಹೊತ್ತು ತೆಗೆದುಕೊಂಡು ನಡುಗಿದ್ದೂ ದಾಖಲಾಗಿದೆ.

ಹ್ಯಾಲೊಥೇನ್: ಇನ್ನು ಅನಿಲಗಳಿಗೆ ಬರೋಣ. 1956ರಿಂದ ಬಳಕೆಗೆ ಬಂದ ಹಳೆಯ ಅನಿಲ ಇದು. ಅಗ್ಗ. ಆದರೆ ದೇಹಕ್ಕೆ ಹೋದದ್ದರಲ್ಲಿ ಸುಮಾರು ಶೇ 20ರಷ್ಟನ್ನು ಯಕೃತ್ತು ಅರಗಿಸಬೇಕು. ಹೃದಯದ ಲಯ ತಪ್ಪಿಸುತ್ತೆ, ಅದರಲ್ಲೂ ಹಕ್ಕಿ ಹೆದರಿ ಮೈಯಲ್ಲಿ ಅಡ್ರಿನಲಿನ್ ಏರಿದ್ದಾಗ. ಹಕ್ಕಿಗಳಲ್ಲಿ ಇದರ ದೊಡ್ಡ ಅಪಾಯ ಏನೆಂದರೆ ಉಸಿರು ನಿಂತ ಹೊತ್ತಿಗೇ ಹೃದಯವೂ ನಿಂತುಬಿಡುತ್ತೆ. ಉಳಿಸಿಕೊಳ್ಳಲು ಸಮಯವೇ ಸಿಗೋದಿಲ್ಲ.

ಐಸೊಫ್ಲೂರೇನ್: ಇವತ್ತು ಹಕ್ಕಿಗಳ ವೈದ್ಯರು ಮೊದಲು ಕೈಹಾಕುವುದು ಇದಕ್ಕೇ. ದೇಹ ಅರಗಿಸೋದು ಶೇ 1ಕ್ಕಿಂತ ಕಡಿಮೆ, ಉಳಿದದ್ದೆಲ್ಲ ಉಸಿರಲ್ಲೇ ಹೊರಗೆ ಹೋಗುತ್ತೆ. ಆದ್ದರಿಂದ ಯಕೃತ್ತು, ಮೂತ್ರಪಿಂಡ ದುರ್ಬಲವಾಗಿರುವ ಹಕ್ಕಿಗೂ ಆಗುತ್ತೆ. ಸಾಮಾನ್ಯವಾಗಿ ಶೇ 4-5ರಲ್ಲಿ ಶುರುಮಾಡಿ, ಪ್ರಜ್ಞೆ ತಪ್ಪಿದ ಮೇಲೆ ಶೇ 2ರ ಆಸುಪಾಸಿಗೆ ಇಳಿಸುತ್ತಾರೆ. ನಿಲ್ಲಿಸಿದ ಕೆಲವು ನಿಮಿಷಕ್ಕೆ ಹಕ್ಕಿ ತಲೆ ಎತ್ತುತ್ತೆ. ಉಸಿರು ನಿಂತರೂ ಹೃದಯ ನಿಲ್ಲುವ ಮುಂಚೆ ಕೈಗೆ ಸ್ವಲ್ಪ ಸಮಯ ಸಿಗುತ್ತೆ. ದೋಷ ಇಲ್ಲವೆಂದಲ್ಲ. ಆಳ ಹೆಚ್ಚಾದಂತೆ ರಕ್ತದೊತ್ತಡ, ಉಸಿರು ಎರಡೂ ಇಳಿಯುತ್ತವೆ. ವಾಸನೆ ಗಾಟು. ನೋವು ನಿವಾರಕ ಅಲ್ಲ. ಅನಿಲ ನಿಲ್ಲಿಸಿದ ಕೂಡಲೇ ನೋವು ಮರಳುತ್ತೆ.

ಸೆವೊಫ್ಲೂರೇನ್: ಐಸೊಫ್ಲೂರೇನ್‌ನ ಹಾಗೇ, ಇನ್ನೂ ಸ್ವಲ್ಪ ಚುರುಕು. ಗಾಟು ವಾಸನೆ ಇಲ್ಲ, ಮುಖವಾಡಕ್ಕೆ ಹಕ್ಕಿ ಕಡಿಮೆ ಪ್ರತಿಭಟಿಸುತ್ತೆ. ಬೆಲೆ ಹೆಚ್ಚು, ಒಂದೇ ಆಳಕ್ಕೆ ಪ್ರಮಾಣವೂ ಹೆಚ್ಚು ಬೇಕು. ಕೆಲಸ ಮುಗಿಯೋದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ಲಿಗ್ನೊಕೇನ್: ಗಾಯದ ಸುತ್ತ ಮಾತ್ರ ಮರಗಟ್ಟಿಸುವ ಮದ್ದು. ಚಿಕ್ಕ ಕೆಲಸಕ್ಕೆ ಒಳ್ಳೆಯದು, ಬೇರೆ ಅರಿವಳಿಕೆಯನ್ನು ಕಡಿಮೆ ಮಾಡೋಕೂ ಸಹಾಯ. ಆದರೆ ಹಕ್ಕಿಯ ಮೈ ಚಿಕ್ಕದು, ಒಂದು ಹನಿ ಹೆಚ್ಚಾದರೂ ವಿಷ. ವೈದ್ಯರು ತೆಳು ಮಾಡಿಯೇ ಬಳಸುತ್ತಾರೆ. ಮನೆಯಲ್ಲಿರುವ ನೋವಿನ ಮುಲಾಮು, ಮರಗಟ್ಟಿಸುವ ಜೆಲ್ ಯಾವುದನ್ನೂ ಹಚ್ಚಬೇಡಿ.

ಹಾಗಾದರೆ ಯಾವುದು ಉತ್ತಮ? ಯಂತ್ರ, ಆಮ್ಲಜನಕ, ಅಭ್ಯಾಸವಾದ ಕೈ ಇದ್ದರೆ ಐಸೊಫ್ಲೂರೇನ್. ಇಲ್ಲದಿದ್ದಾಗ ಹಕ್ಕಿಯ ಸ್ಥಿತಿ ನೋಡಿ ಕೆಟಮಿನ್-ಮಿಡಜೋಲಾಮ್, ಅಥವಾ ಗಟ್ಟಿಯಾಗಿರುವ ಹಕ್ಕಿಗೆ ಕೆಟಮಿನ್-ಕ್ಸೈಲಜಿನ್. ಇವು ಎರಡನೇ ದರ್ಜೆಯ ಔಷಧ ಅಂತಲ್ಲ. ಸರಿಯಾದ ತೂಕ, ಖಾಲಿ ಹೊಟ್ಟೆ, ಬೆಚ್ಚಗಿನ ಮೈ ಇದ್ದರೆ ಇಂಜೆಕ್ಷನ್ನಲ್ಲೂ ಹಕ್ಕಿ ಉಳಿಯುತ್ತೆ. ಈ ಮೂರೂ ತಪ್ಪಿದ್ದರೆ ಒಳ್ಳೆಯ ಯಂತ್ರದ ಕೆಳಗೂ ಸಾಯಬಹುದು.

ಹಕ್ಕಿ ಯಾವುದು ಅನ್ನೋದೂ ಮುಖ್ಯ

ಮೈಸೂರು ಕೆರೆಗಳ ಊರು. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ, ಸ್ವಲ್ಪ ದೂರದಲ್ಲಿ ರಂಗನತಿಟ್ಟು. ಹಾಗಾಗಿ ನೀರುಹಕ್ಕಿಗಳ ಬಗ್ಗೆ ಎರಡು ಮಾತು ಹೇಳಲೇಬೇಕು.

ಹೆಜ್ಜಾರ್ಲೆ ಮತ್ತು ನೀರುಕಾಗೆಗಳಿಗೆ ಹೊರಗೆ ತೆರೆದ ಮೂಗಿನ ಹೊಳ್ಳೆ ಇಲ್ಲ. ಅವು ಉಸಿರಾಡೋದು ಬಾಯಿಯಿಂದ. ಕಚ್ಚುತ್ತೆ ಅಂತ ಕೊಕ್ಕಿಗೆ ಬಿಗಿಯಾಗಿ ದಾರ ಕಟ್ಟಿದರೆ ಉಸಿರು ಕಟ್ಟಿ ಸಾಯುತ್ತೆ. ಹಿಡಿಯುವಾಗ ಮೇಲಿನ, ಕೆಳಗಿನ ಕೊಕ್ಕಿನ ನಡುವೆ ಒಂದು ಬೆರಳಿನಷ್ಟು ಸಂದು ಬಿಡಿ. ಇಷ್ಟು ಉದ್ದದ ಕೊಕ್ಕಿಗೆ ಮಾಮೂಲಿ ಮುಖವಾಡ ಆಗೋದಿಲ್ಲ. ವೈದ್ಯರು ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ, ಕೈಗವಸು ಕಟ್ಟಿ ತಾವೇ ಮಾಡಿಕೊಳ್ಳುತ್ತಾರೆ.

ಬಾತುಗಳ ಮುಖಕ್ಕೆ ಮುಖವಾಡ ಒತ್ತಿದರೆ ಮುಳುಗುವಾಗಿನ ಹಾಗೆ ಉಸಿರು ಹಿಡಿದುಬಿಡುತ್ತವೆ, ಹೃದಯ ಬಡಿತವೂ ಇಳಿಯುತ್ತೆ. ಅಲ್ಲಿ ಆತುರ ಮಾಡಿ ಅನಿಲ ಏರಿಸಿದರೆ, ಮತ್ತೆ ಉಸಿರು ಎಳೆದಾಗ ಒಮ್ಮೆಲೇ ಹೆಚ್ಚು ಒಳಗೆ ಹೋಗುತ್ತೆ. ಅದಕ್ಕೆ ಮೊದಲು ಮಂಪರು ತರಿಸೋದು.

ಬಣ್ಣದ ಕೊಕ್ಕರೆಯಂಥ ಉದ್ದ ಕಾಲಿನ ಹಕ್ಕಿಗಳನ್ನು ಅಟ್ಟಾಡಿಸಿ ಹಿಡಿದರೆ, ಕಾಲು ಮಡಚಿ ಬಹಳ ಹೊತ್ತು ಕಟ್ಟಿಟ್ಟರೆ, ಭಯ ಮತ್ತು ಬಳಲಿಕೆಯಿಂದ ಸ್ನಾಯುಗಳೇ ಹಾಳಾಗುತ್ತವೆ. ಚಿಕಿತ್ಸೆ ಸರಿಯಾಗಿಯೇ ನಡೆದರೂ ಎರಡು ಮೂರು ದಿನಕ್ಕೆ ಹಕ್ಕಿ ಎದ್ದು ನಿಲ್ಲಲಾಗದೆ ಸಾಯಬಹುದು. ಬೆಳ್ಳಕ್ಕಿ, ಬಕಗಳು ಕಣ್ಣಿಗೇ ಕುಕ್ಕುತ್ತವೆ, ಮುಖ ದೂರ ಇಟ್ಟುಕೊಳ್ಳಿ.

ಹದ್ದು, ಗೂಬೆಗಳಲ್ಲಿ ಅಪಾಯ ಇರೋದು ಕೊಕ್ಕಿಗಿಂತ ಉಗುರಿನಲ್ಲಿ. ದಪ್ಪ ಟವೆಲ್ ಮೇಲೆ ಹಾಕಿ ಮೊದಲು ಕಾಲು ಹಿಡಿಯಬೇಕು.

ನೋವಿನ ಮದ್ದು: ಇದು ನಮ್ಮ ಕೊಟ್ಟಿಗೆಗೂ ಸಂಬಂಧಿಸಿದ್ದು

ಅರಿವಳಿಕೆ ಇಳಿದ ಮೇಲೆ ನೋವಿಗೆ ಬೇರೆ ಮದ್ದು ಬೇಕು ಅಂದೆನಲ್ಲ. ಹಕ್ಕಿಗಳಲ್ಲಿ ಹೆಚ್ಚು ಬಳಸೋದು ಮೆಲಾಕ್ಸಿಕಾಮ್, ಮತ್ತು ಬ್ಯೂಟಾರ್ಫನಾಲ್. ಡೈಕ್ಲೊಫೆನಾಕ್ ಮಾತ್ರ ಬೇಡವೇ ಬೇಡ.

ಅದರ ಕಥೆ ಗೊತ್ತಿರಬೇಕು. ಡೈಕ್ಲೊಫೆನಾಕ್ ಕೊಟ್ಟ ಹಸು ಸತ್ತಾಗ ಅದರ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತವೆ ಅನ್ನೋದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಗೊತ್ತಾಯಿತು. 2006ರಲ್ಲಿ ಭಾರತ ಪಶುಗಳಿಗೆ ಅದರ ಬಳಕೆ ನಿಷೇಧಿಸಿತು. ಮನುಷ್ಯರ ದೊಡ್ಡ ಬಾಟಲಿಗಳನ್ನು ದನಕ್ಕೆ ಬಳಸುವುದು ನಿಲ್ಲದ್ದರಿಂದ 2015ರಲ್ಲಿ ಅದನ್ನು 3 ಮಿಲಿಯ ಒಂದು ಸಲದ ಶೀಶೆಗೆ ಸೀಮಿತ ಮಾಡಿದರು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್, 2024ರ ಕೊನೆಯಲ್ಲಿ ನಿಮೆಸುಲೈಡ್ ಕೂಡ ಪಶುಗಳಿಗೆ ನಿಷೇಧವಾಯಿತು. ರಣಹದ್ದುಗಳಿಗೆ ತೊಂದರೆ ಇಲ್ಲವೆಂದು ಪರೀಕ್ಷೆಯಲ್ಲಿ ಕಂಡವು ಮೆಲಾಕ್ಸಿಕಾಮ್ ಮತ್ತು ಟೊಲ್ಫೆನಾಮಿಕ್ ಆಮ್ಲ. ನಮ್ಮ ಪಕ್ಕದ ಬಂಡೀಪುರ, ನಾಗರಹೊಳೆ ಕಡೆ ಇನ್ನೂ ರಣಹದ್ದು ಉಳಿದಿವೆ. ಹಸುವಿಗೆ ಜ್ವರ, ಬಾವು ಅಂದಾಗ "ಮೆಲಾಕ್ಸಿಕಾಮ್ ಕೊಡಿ ಸಾರ್" ಅಂತ ನಾವೇ ಕೇಳಬಹುದು.

ವೈದ್ಯರು ಸಿಗುವವರೆಗೆ ನಾವು ಮಾಡಬೇಕಾದ್ದು

1. ಬಲೆಯಿಂದ ಹಕ್ಕಿಯನ್ನು ಎಳೆಯಬೇಡಿ. ಸುತ್ತಲಿನ ಬಲೆಯನ್ನು ಕತ್ತರಿಸಿ, ಮೈಯಲ್ಲಿ ನಾಟಿರುವ ಎಳೆಯನ್ನು ಹಾಗೇ ಬಿಡಿ. ಅದನ್ನು ವೈದ್ಯರೇ ತೆಗೆಯಲಿ.

2. ಕಣ್ಣು ಮುಚ್ಚುವ ಹಾಗೆ ಹತ್ತಿಬಟ್ಟೆ ಹೊದಿಸಿ, ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಕ್ಕೆ ಹಾಕಿ ಮುಚ್ಚಿ. ಕತ್ತಲೆ, ಮೌನ ಇವೇ ಮೊದಲ ಮಂಪರು ಮದ್ದು. ಸೆಲ್ಫಿ, ಮಕ್ಕಳ ಗುಂಪು, ನಾಯಿ ಯಾವುದೂ ಹತ್ತಿರ ಬೇಡ.

3. ಬಾಯಿಗೆ ನೀರು, ಅನ್ನ, ಬೆಲ್ಲದ ನೀರು, ಬ್ರಾಂದಿ ಏನನ್ನೂ ಹಾಕಬೇಡಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತೆ, ಸುರಿದ ನೀರು ನೇರ ಅಲ್ಲಿಗೇ ಹೋಗಬಹುದು. ಒಳಗೆ ಹೋದದ್ದೂ ಕುತ್ತಿಗೆಯ ಬುಡದ ಚೀಲದಲ್ಲಿ ಕೂತಿದ್ದು ಅರಿವಳಿಕೆಯಲ್ಲಿ ವಾಪಸ್ ಬರುತ್ತೆ. ನನ್ನ ನವಿಲು ಸತ್ತಿದ್ದು ಹೀಗೆ.

4. ಮೈ ತಣ್ಣಗಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬದ ಒಂದು ಬದಿಗಿಡಿ. ಇನ್ನೊಂದು ಬದಿ ತಂಪಾಗಿರಲಿ.

5. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಆ ಜಾಗ ಮಾತ್ರ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ, ಎಣ್ಣೆ ಬೇಡ. ಎಣ್ಣೆ ಹತ್ತಿದ ಗರಿಗೆ ಮೈ ಬೆಚ್ಚಗಿಡೋಕಾಗಲ್ಲ.

6. ತೂಕ ನೋಡಿಕೊಳ್ಳಿ. ತರಕಾರಿ ತಕ್ಕಡಿಯಲ್ಲಿ ಡಬ್ಬದ ಸಮೇತ ತೂಗಿ, ಆಮೇಲೆ ಡಬ್ಬದ ತೂಕ ಕಳೆದರೆ ಸಾಕು. ಅರಿವಳಿಕೆಯ ಲೆಕ್ಕ ಶುರುವಾಗೋದೇ ಅಲ್ಲಿಂದ.

7. ಒಂದು ಚೀಟಿಯಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ ಸಿಕ್ಕಿತು, ಎಷ್ಟು ಹೊತ್ತು ನೇತಾಡಿತ್ತು, ಬಾಯಿಗೆ ಏನಾದರೂ ಹೋಗಿದೆಯೇ, ಸುತ್ತಮುತ್ತ ಯಾವ ಔಷಧ ಸಿಂಪಡಿಸಿದ್ದಾರೆ. ಪಕ್ಕದ ಹೊಲದಲ್ಲಿ ಕೀಟನಾಶಕ ಹೊಡೆದಿದ್ದರೆ ಅದರ ಹೆಸರು, ಸಾಧ್ಯವಾದರೆ ಖಾಲಿ ಬಾಟಲಿಯ ಫೋಟೊ. ಕೆಲವು ಕೀಟನಾಶಕಗಳು ಹೃದಯ ಬಡಿತ ಇಳಿಸಿರುತ್ತವೆ. ಅದರ ಮೇಲೆ ಕ್ಸೈಲಜಿನ್ ಬಿದ್ದರೆ ಕಷ್ಟ. ನೀವು ಮುಜುಗರಪಟ್ಟು ಮುಚ್ಚಿಟ್ಟರೆ ಹಕ್ಕಿಗೆ ಕಂಟಕ.

8. ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ನವಿಲು ಒಂದನೇ ಪಟ್ಟಿಯಲ್ಲಿದೆ. ನಿಮ್ಮ ವಲಯ ಅರಣ್ಯ ಕಚೇರಿ ಮತ್ತು ಹತ್ತಿರದ ಪಶುವೈದ್ಯರ ನಂಬರನ್ನು ಇವತ್ತೇ ಫೋನಿನಲ್ಲಿ ಇಟ್ಟುಕೊಳ್ಳಿ. ಹಕ್ಕಿ ಸಿಕ್ಕ ಮೇಲೆ ಹುಡುಕೋದಲ್ಲ.

9. ಒಂದೇ ಜಾಗದಲ್ಲಿ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಪಶುಪಾಲನಾ ಇಲಾಖೆಗೆ ಹೇಳಿ. 2017ರ ಜನವರಿಯಲ್ಲಿ ಹಕ್ಕಿಜ್ವರದಿಂದ ಮೈಸೂರು ಮೃಗಾಲಯವನ್ನೇ ಮುಚ್ಚಬೇಕಾಗಿ ಬಂದದ್ದು ನೆನಪಿರಬಹುದು. ಒಂಟಿ ಹಕ್ಕಿ ಮುಟ್ಟಿದರೂ ಕೈಗವಸು ಇರಲಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ.

ಎರಡನೇ ಹಕ್ಕಿ

ಕಳೆದ ಆಷಾಢದಲ್ಲಿ, ಗಾಳಿಪಟದ ಕಾಲದಲ್ಲಿ, ನಮ್ಮ ತೆಂಗಿನ ಮರದಲ್ಲಿ ಒಂದು ಹದ್ದು ಗಾಜುಪುಡಿ ಹಚ್ಚಿದ ದಾರಕ್ಕೆ ಸಿಕ್ಕಿ ನೇತಾಡುತ್ತಿತ್ತು. ಈ ನೈಲಾನ್ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ, ಮಾರಾಟ ಮಾತ್ರ ನಿಂತಿಲ್ಲ. ಕಾಯಿ ಕೀಳುವವರು ಹತ್ತಿ ದಾರ ಕತ್ತರಿಸಿ ಇಳಿಸಿಕೊಟ್ಟರು. ಟವೆಲ್, ಡಬ್ಬ, ತಕ್ಕಡಿ, ಚೀಟಿ. 690 ಗ್ರಾಂ. ಅರಣ್ಯದವರಿಗೆ ಫೋನು. ಮುಕ್ಕಾಲು ಗಂಟೆಯಲ್ಲಿ ನಗರದ ಒಂದು ಕ್ಲಿನಿಕ್ಕಿನಲ್ಲಿದ್ದೆವು, ಅಲ್ಲಿ ಅನಿಲದ ಯಂತ್ರ ಇತ್ತು. ವೈದ್ಯರು ಚೀಟಿ ಓದಿ, "ಹೊಟ್ಟೆ ಖಾಲಿ ತಾನೆ?" ಅಂತ ಒಂದೇ ಪ್ರಶ್ನೆ ಕೇಳಿದರು. ರೆಕ್ಕೆಯ ಚರ್ಮಕ್ಕೆ ಹೊಲಿಗೆ ಬಿತ್ತು. ಅನಿಲ ನಿಲ್ಲಿಸಿ, ಟವೆಲ್ ಸುತ್ತಿ ತಲೆ ಮೇಲೆ ಮಾಡಿ ಹಿಡಿದುಕೊಂಡರು. ಆರು ನಿಮಿಷಕ್ಕೆ ಹದ್ದು ಕಣ್ಣು ಬಿಟ್ಟು ನಮ್ಮನ್ನೇ ದುರುಗುಟ್ಟಿ ನೋಡಿತು.

ಯಂತ್ರದಿಂದ ಉಳಿಯಿತು ಅಂತ ಹೇಳೋದು ಸುಲಭ. ಆದರೆ ನವಿಲನ್ನೂ ಹೀಗೇ ತಂದಿದ್ದರೆ ಆ ಇಂಜೆಕ್ಷನ್ನಲ್ಲೇ ಉಳಿಯುತ್ತಿತ್ತೇನೋ ಅಂತ ನನಗೆ ಈಗಲೂ ಅನ್ನಿಸುತ್ತೆ.

ಎಚ್ಚರವಾದ ಕೂಡಲೇ ಹಾರಿಬಿಡೋದಲ್ಲ. ಚೆನ್ನಾಗಿ ಹಾರಿ ಬೇಟೆಯಾಡುವ ಶಕ್ತಿ ಬರುವವರೆಗೆ ಅದು ಆರೈಕೆ ಮಾಡುವವರ ಬಳಿಯೇ ಇರಬೇಕು. ಹದ್ದನ್ನು ಅರಣ್ಯದವರು ಒಯ್ದರು.

ನಮ್ಮ ತೋಟದಲ್ಲಿ ಈಗ ಆ ತೆಳು ನೈಲಾನ್ ಬಲೆ ಇಲ್ಲ. ದಪ್ಪ ಎಳೆಯ, ಕಣ್ಣಿಗೆ ಕಾಣುವ ಬಿಳಿ ಬಲೆಯನ್ನು ಸಡಿಲ ಬಿಡದೆ ಬಿಗಿಯಾಗಿ ಎಳೆದು ಕಟ್ಟಿದ್ದೇವೆ. ಕೊಯ್ಲು ಮುಗಿದ ದಿನವೇ ಬಿಚ್ಚಿ ಸುತ್ತಿಡುತ್ತೇವೆ. ಬೆಳಿಗ್ಗೆ ನೀರು ಬಿಡುವ ಮೊದಲು ಬಲೆಯ ಸುತ್ತ ಒಂದು ಸುತ್ತು ಹಾಕೋದು ಅಭ್ಯಾಸವಾಗಿದೆ. ನೀವೂ ಅಷ್ಟು ಮಾಡಿ. ಮುಂದಿನ ವಾರ ಹಕ್ಕಿಗೆ ಅಪಾಯವಾಗದ ಹಾಗೆ ಬಲೆ ಆರಿಸುವುದು, ಕಟ್ಟುವುದು ಹೇಗೆ ಅಂತ ವಿವರವಾಗಿ ಬರೆಯುತ್ತೇನೆ.